ಸೋಲಾರ್ ಕೆಲಸ ಕಲಿಯಬೇಕೆ? ಮೊದಲು ವೈರಿಂಗ್, ಆಮೇಲೆ ಮಾಳಿಗೆ

"ಅಕ್ಕಾರ, ಮೂರು ತಿಂಗಳ ಸೋಲಾರ್ ಕೋರ್ಸ್ ಮಾಡಿದ್ರ ಎಷ್ಟು ಪಗಾರ ಸಿಗ್ತೈತ್ರಿ?"

ಐಟಿಐ ಫಲಿತಾಂಶ ಬಂದ ವಾರದಿಂದ ಇದೇ ಪ್ರಶ್ನೆಯ ಫೋನ್‌ಗಳು. ಹುಬ್ಬಳ್ಳಿಯಲ್ಲಿ ನನ್ನದು ಸಣ್ಣ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಕೆಲಸ. ಮನೆ ವೈರಿಂಗ್, ಬೋರ್‌ವೆಲ್ ಸ್ಟಾರ್ಟರ್‌ಗಳಿಂದ ಶುರುವಾದದ್ದು, ಈಗ ಮುಕ್ಕಾಲು ಪಾಲು ಸೋಲಾರ್. ಕಲಿಯಲು ಬರುವ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಸೋಲಾರ್ ಅಂತ ಬೇರೆ ಕಸುಬಿಲ್ಲ. ವೈರ್‌ಮನ್ ಕಸುಬೇ ಮಾಳಿಗೆ ಹತ್ತಿದೆ, ಅಷ್ಟೇ. ಮನೆಯ ಮೇನ್ ಬೋರ್ಡ್ ಬಿಚ್ಚಿ ಫೇಸ್, ನ್ಯೂಟ್ರಲ್, ಅರ್ಥ್ ಯಾವುದೆಂದು ಗುರುತಿಸಲು ಬಾರದವನಿಗೆ ಯಾವ ಸೋಲಾರ್ ಸರ್ಟಿಫಿಕೇಟೂ ಕೆಲಸಕ್ಕೆ ಬರುವುದಿಲ್ಲ. ಅದು ಬರುವವನಿಗೆ ಸೋಲಾರ್ ಕಲಿಸಲು ಕೆಲವು ತಿಂಗಳು ಸಾಕು.

ಎಲ್ಲಿ ಕಲಿಯುವುದು

ಎಸ್ಸೆಸ್ಸೆಲ್ಸಿ ಮುಗಿಸಿ ಕುಳಿತಿದ್ದರೆ ಐಟಿಐ ಸೇರಿ. ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ಟ್ರೇಡ್, ಎರಡು ವರ್ಷ. 'ಸೋಲಾರ್ ಟೆಕ್ನೀಷಿಯನ್' ಅನ್ನುವ ಒಂದು ವರ್ಷದ ಟ್ರೇಡೂ ಇದೆ. ಕೇಳಲು ಅದೇ ಚೆನ್ನಾಗಿದೆ, ಆದರೆ ನನ್ನ ಮಗಳಾಗಿದ್ದರೆ ಎಲೆಕ್ಟ್ರಿಷಿಯನ್‌ಗೇ ಸೇರಿಸುತ್ತಿದ್ದೆ. ಮೋಟರ್, ಟ್ರಾನ್ಸ್‌ಫಾರ್ಮರ್, ಮೂರು ಫೇಸಿನ ಲೆಕ್ಕ ಅಲ್ಲಿ ಬೇರು ಸಮೇತ ಸಿಗುತ್ತದೆ. ನಾಳೆ ಸೋಲಾರ್ ಸಬ್ಸಿಡಿ ನಿಂತರೂ ಹೊಟ್ಟೆಗೆ ತೊಂದರೆಯಿಲ್ಲ.

ಐಟಿಐ ಆದವರಿಗೆ 'ಸೂರ್ಯಮಿತ್ರ' ತರಬೇತಿ ಇದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಯೋಜನೆ, 2015ರಲ್ಲಿ ಶುರುವಾದದ್ದು. ನಡೆಸುವುದು ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ. ಸುಮಾರು ಮೂರು ತಿಂಗಳು, 600 ಗಂಟೆಗಳ ಪಾಠ ಮತ್ತು ಪ್ರಾಯೋಗಿಕ ಕೆಲಸ, ಊಟ ವಸತಿ ಸಹಿತ, ಶುಲ್ಕವಿಲ್ಲ. ಕೊನೆಗೆ ಹಸಿರು ಉದ್ಯೋಗಗಳ ಕೌಶಲ್ಯ ಮಂಡಳಿಯ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ಯಾವ ಊರಿನಲ್ಲಿ ಯಾವಾಗ ಬ್ಯಾಚ್ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸಂಸ್ಥೆಯ ಜಾಲತಾಣದಲ್ಲೇ ನೋಡಿ, ಏಜೆಂಟರ ಮಾತು ಕೇಳಬೇಡಿ. ಶುಲ್ಕವಿಲ್ಲದ ಕೋರ್ಸಿಗೆ 'ಸೀಟು ಹಿಡಿಸಿಕೊಡುತ್ತೇನೆ' ಎಂದು ಐದು ಸಾವಿರ ಕೇಳುವವರು ಇದ್ದಾರೆ.

ಐಟಿಐ ಆಗಿಲ್ಲ, ವಯಸ್ಸು ಇಪ್ಪತ್ತೈದು ದಾಟಿದೆ, ಮನೆ ನಡೆಸಬೇಕು ಅನ್ನುವವರಿಗೆ ರುಡ್‌ಸೆಟಿ, ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರು ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ ಮಾದರಿ ಇದು, ಈಗ ದೇಶದ ಜಿಲ್ಲೆ ಜಿಲ್ಲೆಗೂ ಹರಡಿದೆ. ಮನೆ ವೈರಿಂಗ್, ಮೋಟರ್ ರೀವೈಂಡಿಂಗ್‌ನಂಥ ಕಿರು ಕೋರ್ಸುಗಳು ಉಚಿತ, ಇರಲು ಜಾಗ ಕೊಡುತ್ತಾರೆ. ಅಲ್ಲಿ ವೈರಿಂಗ್ ಕಲಿತು ಒಬ್ಬ ಒಳ್ಳೆಯ ಕಂಟ್ರಾಕ್ಟರ್ ಕೈಕೆಳಗೆ ಒಂದು ವರ್ಷ ದುಡಿದರೆ ಐಟಿಐ ಹುಡುಗನಿಗೆ ಸರಿಸಾಟಿಯಾಗಿ ನಿಲ್ಲಬಹುದು. ಕಾಗದದಲ್ಲಲ್ಲ, ಕೆಲಸದಲ್ಲಿ.

ಕಾಗದದ ಮಾತು ಬಂತಲ್ಲ, ಬಹಳ ಜನ ಮರೆಯುವುದು ಇಲ್ಲೇ. ಈ ಕಸುಬಿನಲ್ಲಿ ನಿಮ್ಮನ್ನು ಮೇಲೆತ್ತುವುದು ಕೋರ್ಸಿನ ಸರ್ಟಿಫಿಕೇಟ್ ಅಲ್ಲ, ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್. ಮೊದಲು ವೈರ್‌ಮನ್ ಪರ್ಮಿಟ್, ಅನುಭವ ಆದ ಮೇಲೆ ಸೂಪರ್‌ವೈಸರ್ ಪರ್ಮಿಟ್, ಮುಂದೆ ಸ್ವಂತ ಕಂಟ್ರಾಕ್ಟರ್ ಲೈಸೆನ್ಸ್. ಹೆಸ್ಕಾಂ ಇರಲಿ, ಬೆಸ್ಕಾಂ ಇರಲಿ, ಕಚೇರಿಗೆ ಹೋಗುವ ಕಾಗದದ ಮೇಲೆ ಸಹಿ ಹಾಕಲು ಲೈಸೆನ್ಸ್ ಇದ್ದವರೇ ಬೇಕು. ಸಹಿ ಹಾಕುವವರಿಗೂ ಪ್ಯಾನೆಲ್ ಹೊರುವವರಿಗೂ ಸಿಗುವ ದುಡ್ಡಿನ ಅಂತರ ಎಷ್ಟೆಂದು ಕೆಲಸಕ್ಕೆ ಬಂದ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ. ಐಟಿಐ ಮುಗಿದ ವರ್ಷವೇ ಅರ್ಜಿ ಹಾಕಿ.

ಖಾಸಗಿ ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟುವ ಮೊದಲು ಒಮ್ಮೆ ಹೋಗಿ ನೋಡಿ. ತರಗತಿಯಲ್ಲಿ ಪ್ರೊಜೆಕ್ಟರ್ ಇದೆಯೋ ಇಲ್ಲವೋ ಮುಖ್ಯವಲ್ಲ. ಮಾಳಿಗೆಯ ಮೇಲೆ ನಾಲ್ಕು ಪ್ಯಾನೆಲ್ ಇದೆಯೇ? ಬ್ಯಾಚಿನ ಪ್ರತಿಯೊಬ್ಬನೂ ಅದನ್ನು ಬಿಚ್ಚಿ ಮತ್ತೆ ಕೂಡಿಸುತ್ತಾನೆಯೇ? ಪ್ಯಾನೆಲ್ ಕೇಬಲ್‌ಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲ್ ಎಷ್ಟಿವೆ? ಇನ್ಸುಲೇಶನ್ ಅಳೆಯುವ ಮೆಗ್ಗರ್ ಇದ್ದರೆ ತೋರಿಸಿ ಅನ್ನಿ. ಬೀರುವಿನ ಬೀಗದ ಕೈ ಹುಡುಕಲು ಶುರು ಮಾಡಿದರೆ ಎದ್ದು ಬನ್ನಿ.

ಕೈಗೆ ಹತ್ತಬೇಕಾದ ಕೆಲಸ

ವೈರ್‌ಮನ್‌ಗೆ ಸೋಲಾರ್‌ನಲ್ಲಿ ನಿಜವಾಗಿ ಹೊಸದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಹೊತ್ತಿದ ಕಿಡಿ ಎಳೆದಷ್ಟೂ ಉದ್ದವಾಗುತ್ತದೆ. ಅದಕ್ಕೇ ಲೋಡ್ ಇರುವಾಗ ಎಂಸಿ4 ಕನೆಕ್ಟರ್ ಎಳೆಯಬಾರದು. ಮೊದಲು ಪ್ಯಾನೆಲ್‌ನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್‌ನ ಎಸಿ ಬಂದ್, ಆಮೇಲೆ ಡಿಸಿ ಐಸೊಲೇಟರ್ ಸ್ವಿಚ್ ಬಂದ್, ಕ್ಲಾಂಪ್ ಮೀಟರ್ ಹಾಕಿ ಕರೆಂಟು ಸೊನ್ನೆ ಎಂದು ನೋಡಿ, ಆಮೇಲೆ ಕನೆಕ್ಟರ್. ಇದನ್ನು ನಿದ್ದೆಗಣ್ಣಲ್ಲೂ ಹೇಳಬೇಕು. ಇನ್ನೊಂದು ಮಾತು: ಬಿಸಿಲಿರುವವರೆಗೆ ಪ್ಯಾನೆಲ್ ಬಂದ್ ಆಗುವುದಿಲ್ಲ. ಎಲ್ಲ ಸ್ವಿಚ್ ತೆಗೆದರೂ ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ಕೇಬಲ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಎಷ್ಟು ವೋಲ್ಟೇಜ್? ಇಲ್ಲಿ ಪೆನ್ನು ಹಿಡಿಯಲೇಬೇಕು. ಈಗ ಸಾಮಾನ್ಯವಾಗಿ ಬರುವ 540–550 ವಾಟ್ ಪ್ಯಾನೆಲ್‌ನ ಹಿಂದೆ ಅಂಟಿಸಿದ ಚೀಟಿ ನೋಡಿ. ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್, 49.5ರ ಆಸುಪಾಸು. ಮನೆಗೆ ಆರು ಪ್ಯಾನೆಲ್ ಸಾಲಾಗಿ ಕೂಡಿಸಿದರೆ 297 ವೋಲ್ಟ್. ಕಾರ್ಖಾನೆಯ ಶೆಡ್ಡಿನಲ್ಲಿ 20 ಕೂಡಿಸಿದರೆ 990. ಇನ್ವರ್ಟರ್ ಮೇಲೆ ಗರಿಷ್ಠ 1000 ವೋಲ್ಟ್ ಎಂದು ಬರೆದಿದೆ, ಸರಿಹೋಯಿತು ಅನ್ನುತ್ತೀರಾ? ಚೀಟಿಯ ಅಂಕಿ 25 ಡಿಗ್ರಿ ತಾಪಮಾನದ್ದು. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ. 0.27. ಧಾರವಾಡದ ಡಿಸೆಂಬರ್ ಬೆಳಿಗ್ಗೆ 12 ಡಿಗ್ರಿ ಇದ್ದಾಗ ಹದಿಮೂರು ಡಿಗ್ರಿ ಕಡಿಮೆ, ಅಂದರೆ ಶೇ. 3.5 ಹೆಚ್ಚು. 990 ಹೋಗಿ 1025 ಆಯಿತು. ಏಪ್ರಿಲ್‌ನಲ್ಲಿ ಸರಾಗವಾಗಿ ನಡೆದ ಇನ್ವರ್ಟರ್ ಚಳಿಗಾಲದ ಬೆಳಿಗ್ಗೆ ಸುಟ್ಟುಹೋಗುವ ಗುಟ್ಟು ಇದು. 18 ಪ್ಯಾನೆಲ್ ಹಾಕಿದರೆ 891, ಚಳಿಗೆ 922. ಅದು ಸರಿ. ಈ ಒಂದು ಲೆಕ್ಕ ಬಾಯಲ್ಲೇ ಮಾಡುವ ಹುಡುಗನನ್ನು ನಾನು ಹೆಚ್ಚು ಪ್ರಶ್ನೆ ಕೇಳದೆ ಇಟ್ಟುಕೊಳ್ಳುತ್ತೇನೆ.

ಸೆಖೆಗೆ ಇದರ ತದ್ವಿರುದ್ಧ. ಮೇ ತಿಂಗಳ ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಮುಟ್ಟಿದಾಗ ಶೇ. 14ರಷ್ಟು ಪವರ್ ಬಿದ್ದುಹೋಗುತ್ತದೆ, 550 ವಾಟ್‌ನದ್ದು 473ಕ್ಕೆ ನಿಲ್ಲುತ್ತದೆ. "ಇಷ್ಟು ಬಿಸಿಲೈತಿ, ಯುನಿಟ್ ಯಾಕ್ ಕಮ್ಮಿ ಬರ್ತಾವ?" ಎಂದು ಗಿರಾಕಿ ಫೋನ್ ಮಾಡಿದಾಗ ಕೊಡಬೇಕಾದ ಉತ್ತರ ಇದೇ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಅದಕ್ಕೇ ಶೀಟಿಗೆ ಅಂಟಿಸಿದಂತೆ ಕೂಡಿಸದೆ ಕೆಳಗೆ ಗಾಳಿಯಾಡಲು ಜಾಗ ಬಿಡುತ್ತೇವೆ.

ಎಂಸಿ4 ಕ್ರಿಂಪಿಂಗ್‌ಗೆ ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ. ಕೇಬಲ್ ಸುಲಿಯುವಾಗ ಒಂದೆಳೆ ತಂತಿಯೂ ತುಂಡಾಗಬಾರದು, ಪಿನ್ನು ಒಳಗೆ ಹೋದಾಗ ಟಕ್ ಎಂದು ಕೂರಬೇಕು, ಆಮೇಲೆ ಎಳೆದು ನೋಡಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ ಮುಗಿಸುವವರನ್ನು ನೀವು ನೋಡುತ್ತೀರಿ, ಅವರನ್ನು ನೋಡಿ ಕಲಿಯಬೇಡಿ. ಒಂದು ಕಂಪನಿಯ ಗಂಡು, ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರ್ ಕೂಡಿಸುವುದೂ ಬೇಡ. ಕೂಡುತ್ತದೆ, ಆದರೆ ಒಳಗೆ ಸಡಿಲವಿದ್ದು ಕರಗುತ್ತದೆ. ಮಾಳಿಗೆಯ ಮೇಲೆ ನಾನು ಕಂಡ ಸುಟ್ಟ ವಾಸನೆಯೆಲ್ಲ ಹೆಚ್ಚಾಗಿ ಕನೆಕ್ಟರ್‌ನದ್ದೇ.

ಅರ್ಥಿಂಗ್ ವಿಷಯಕ್ಕೆ ಪುಸ್ತಕ ಸಾಲದು, ನಿಮ್ಮ ಊರಿನ ಮಣ್ಣು ಗೊತ್ತಿರಬೇಕು. ಪ್ಯಾನೆಲ್ ಸ್ಟ್ರಕ್ಚರ್‌ಗೆ ಒಂದು, ಇನ್ವರ್ಟರ್ ಮತ್ತು ಎಸಿ ಬಾಕ್ಸ್‌ಗೆ ಒಂದು, ಸಿಡಿಲು ತಡೆಗೆ ಬೇರೆಯೇ ಒಂದು, ಹೀಗೆ ಮೂರು ಗುಂಡಿ. ಅರ್ಥ್ ರೆಸಿಸ್ಟನ್ಸ್ ಐದು ಓಮ್‌ಗಿಂತ ಕಡಿಮೆ ಬರಬೇಕು ಎಂದು ನೋಡುತ್ತೇವೆ. ಹುಬ್ಬಳ್ಳಿ, ನವಲಗುಂದ ಕಡೆಯ ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ಅಳೆದರೆ ಒಂದು, ಒಂದೂವರೆ ಬರುತ್ತದೆ. ಬೇಸಿಗೆಗೆ ಅದೇ ಮಣ್ಣು ಬಾಯಿ ಬಿಟ್ಟು ರಾಡನ್ನು ಬಿಟ್ಟುಕೊಡುತ್ತದೆ, ಓಮ್ ಅಂಕಿ ಏರುತ್ತದೆ. ಧಾರವಾಡ ದಾಟಿ ಅಳ್ನಾವರ ಕಡೆ ಹೋದರೆ ಕೆಂಪು ಜಂಬಿಟ್ಟಿಗೆ, ಅಲ್ಲಿ ಕಥೆಯೇ ಬೇರೆ. ಆದ್ದರಿಂದ ಅಳತೆಯನ್ನು ತಿಂಗಳು ಸಮೇತ ಬರೆದಿಡಿ, ಏಪ್ರಿಲ್‌ನಲ್ಲಿ ಹೋಗಿ ಮತ್ತೆ ಅಳೆಯಿರಿ.

ಮಾಳಿಗೆ ಓದುವುದು ಇನ್ನೊಂದು ವಿದ್ಯೆ. ಸ್ಲ್ಯಾಬ್ ಮನೆಯಾದರೆ ಮೇಲೆಯೇ ಕಾಂಕ್ರೀಟ್ ಪೆಡೆಸ್ಟಲ್ ಹಾಕುವುದು ಒಳ್ಳೆಯದು. ಸ್ಲ್ಯಾಬಿಗೆ ಡ್ರಿಲ್ ಹೊಡೆದರೆ ಮುಂದಿನ ಮಳೆಗೆ ಎಲ್ಲಿ ಸೋರಿದರೂ ನಿಮ್ಮ ಹೆಸರೇ. ಹಳೆಯ ಮಣ್ಣಿನ ಮಾಳಿಗೆಯ ಮನೆ, ಕೆಳಗೆ ತೊಲೆ ಜಂತಿ ಇದ್ದರೆ ಅದರ ಮೇಲೆ ಕಾಂಕ್ರೀಟ್ ಭಾರ ಹೊರಿಸಲೇಬೇಡಿ, ಹಿತ್ತಲಿನಲ್ಲಿ ಕಂಬ ನೆಟ್ಟು ಮಾಡಿ. ಕಾರ್ಖಾನೆ ಶೆಡ್ಡಿನ ಸಿಮೆಂಟ್ ಶೀಟು ಎಲ್ಲಕ್ಕಿಂತ ಅಪಾಯ. ಕೆಳಗೆ ಶೀಟು ಹೊರುವ ಕಬ್ಬಿಣದ ಅಡ್ಡಪಟ್ಟಿ (ಪರ್ಲಿನ್) ಇರುವ ಜಾಗ ಬಿಟ್ಟು ಕಾಲಿಟ್ಟರೆ ಶೀಟು ಒಡೆದು ನೇರ ಮಷೀನಿನ ಮೇಲೆ. ಹಲಗೆ ಹಾಸದೆ ಹತ್ತು ಎಂದು ಯಾರೇ ಹೇಳಲಿ, ಹತ್ತಬೇಡಿ.

ನೆರಳಿಗೆ ಬಂದರೆ, ಮೇ ತಿಂಗಳಲ್ಲಿ ಸರ್ವೆ ಮಾಡಿದವರು ಮೋಸ ಹೋಗುತ್ತಾರೆ. ಆಗ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ನೀರಿನ ಟ್ಯಾಂಕಿನ ನೆರಳು ಕಾಲ ಬುಡದಲ್ಲೇ. ಡಿಸೆಂಬರ್‌ಗೆ ಅವನು ದಕ್ಷಿಣಕ್ಕೆ ಇಳಿದಾಗ ಒಂದು ಮೀಟರ್ ಎತ್ತರದ ಗೋಡೆ ನಡುಮಧ್ಯಾಹ್ನಕ್ಕೇ ಮುಕ್ಕಾಲು ಮೀಟರ್ ಮಿಕ್ಕಿ ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ದಕ್ಷಿಣಕ್ಕೆ ಮುಖ, ಸುಮಾರು 15 ಡಿಗ್ರಿ ಓರೆ ಎಂಬ ಸೂತ್ರ ಎಲ್ಲರಿಗೂ ಗೊತ್ತು. ದಕ್ಷಿಣದಲ್ಲಿ ಪಕ್ಕದ ಮನೆಯವರು ಇನ್ನೊಂದು ಮಹಡಿ ಏರಿಸಲಿದ್ದಾರೆಯೇ ಎಂದು ಗಿರಾಕಿಯನ್ನು ಕೇಳುವವರು ಕಡಿಮೆ.

ಎತ್ತರದ ಮಾತು

ಹಾರ್ನೆಸ್, ಅಂದರೆ ಬೀಳದಂತೆ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ, ಇಲ್ಲದೆ ಅಂಚಿಗೆ ಹೋಗಬೇಡಿ. ಎರಡು ಕೊಕ್ಕೆಯದ್ದು ಬೇಕು, ಒಂದು ಬಿಚ್ಚುವ ಮೊದಲು ಇನ್ನೊಂದು ಸಿಕ್ಕಿಸಿರಬೇಕು. ಸಿಕ್ಕಿಸುವುದು ಗಟ್ಟಿ ಜಾಗಕ್ಕೆ, ನೀರಿನ ಪೈಪಿಗಲ್ಲ. ಕೆಲಸ ಕೊಟ್ಟವರು ಹಾರ್ನೆಸ್ ಕೊಡದಿದ್ದರೆ ಆ ಕೆಲಸವೇ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ಹೆಣ್ಣುಮಕ್ಕಳಿಗೆ

"ನಮ್ ಹುಡುಗಿಗೆ ಆಗ್ತೈತೇನ್ರಿ ಈ ಕೆಲಸ?" ಎಂದು ತಾಯಂದಿರು ಕೇಳುತ್ತಾರೆ. ಒಂದು ಪ್ಯಾನೆಲ್ 28 ಕಿಲೋ ಚಿಲ್ಲರೆ ತೂಗುತ್ತದೆ, ಏಳೂವರೆ ಅಡಿ ಉದ್ದ. ಅದನ್ನು ಗಂಡಸಾಗಲಿ ಹೆಂಗಸಾಗಲಿ ಒಬ್ಬರೇ ಎತ್ತಲೇಬಾರದು, ಇಬ್ಬರು ಬೇಕು. ಹಾಗಾಗಿ ಬಲದ ಪ್ರಶ್ನೆ ಅಷ್ಟಕ್ಕೇ ಮುಗಿಯಿತು. ನಿಜವಾದ ತೊಡಕುಗಳು ಬೇರೆ. ಅಂಗಡಿಯಲ್ಲಿ ಸಿಗುವ ಹಾರ್ನೆಸ್ ಹೆಚ್ಚಾಗಿ ದೊಡ್ಡ ಅಳತೆಯದ್ದು, ತೊಡೆಯ ಪಟ್ಟಿ ಪೂರ್ತಿ ಎಳೆದರೂ ಸಡಿಲ. ಸಣ್ಣ ಅಳತೆಯದ್ದನ್ನೇ ಕೇಳಿ ತರಿಸಿಕೊಳ್ಳಿ. ದುಪಟ್ಟಾ ಬೇಡ, ಪ್ಯಾಂಟು, ಉದ್ದ ತೋಳಿನ ಅಂಗಿ, ತಲೆಗೂದಲು ಹೆಲ್ಮೆಟ್ ಒಳಗೆ. ಬಳೆ ಉಂಗುರ ಮನೆಯಲ್ಲೇ. ಹೊಲದ ಪಂಪ್‌ಸೆಟ್ ಕೆಲಸಕ್ಕೆ ಹೊರಡುವ ಮೊದಲು ಶೌಚಾಲಯ ಎಲ್ಲಿದೆ ಎಂದು ನಾಚಿಕೆ ಬಿಟ್ಟು ಕೇಳಿ. ಅದಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವ ಹುಡುಗಿಯರನ್ನು ನೋಡಿದ್ದೇನೆ, ತಲೆ ಸುತ್ತಿ ಬೀಳುವುದು ಅಲ್ಲಿಂದಲೇ.

ಒಂದು ಅನುಕೂಲವೂ ಇದೆ. ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯೊಳಗೆ ಬಿಟ್ಟುಕೊಂಡು ಫ್ಯಾನು, ಫ್ರಿಜ್ಜು, ಗೀಸರ್ ಎಲ್ಲ ತೋರಿಸಿ ಲೆಕ್ಕ ಕೊಡುವುದು ನಮಗೇ. ಕರೆಂಟು ಉಳಿಸಿಕೊಡುವ ಕೆಲಸಕ್ಕೆ ಅದು ದೊಡ್ಡ ಬಂಡವಾಳ.

ಕೆಲಸ ಎಲ್ಲಿದೆ, ಎಲ್ಲಿಲ್ಲ

ಟಿವಿಯಲ್ಲಿ ಕೇಳುವುದು ಪಿಎಂ ಸೂರ್ಯಘರ್ ಹೆಸರು. 2024ರ ಫೆಬ್ರುವರಿಯಲ್ಲಿ ಬಂದ ಯೋಜನೆ, ಗುರಿ ಒಂದು ಕೋಟಿ ಮನೆ. ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರದವರೆಗೆ ಸಬ್ಸಿಡಿ, ಕೆಲಸ ಮುಗಿದು ಮೀಟರ್ ಕೂತ ಮೇಲೆ ಮನೆಯವರ ಖಾತೆಗೆ. ಸಬ್ಸಿಡಿ ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಆರ್‌ಆರ್ ನಂಬರ್, ಮಂಜೂರಾದ ಲೋಡ್, ನೆಟ್ ಮೀಟರ್ (ಗ್ರಿಡ್‌ಗೆ ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಅಳೆಯುವ ಮೀಟರ್) ಅರ್ಜಿ, ಈ ಕಾಗದಗಳ ಓಡಾಟ ಕಲಿತವನಿಗೆ ಯಾವ ಕಂಪನಿಯಲ್ಲೂ ಕುರ್ಚಿ ಸಿಗುತ್ತದೆ. ಮಾಳಿಗೆ ಹತ್ತಲು ಭಯ ಇರುವವರಿಗೂ ಇದೊಂದು ದಾರಿ.

ಆದರೆ ಕರ್ನಾಟಕದ ಮನೆಗಳಿಗೆ ಗೃಹಜ್ಯೋತಿ ಇದೆ. 2023ರಿಂದ 200 ಯುನಿಟ್ ಒಳಗಿನ ಮನೆಗೆ, ತನ್ನ ಹಳೆಯ ಸರಾಸರಿ ಬಳಕೆಗಿಂತ ತುಸು ಹೆಚ್ಚಿನವರೆಗೆ ಬಿಲ್ಲಿಲ್ಲ. 120 ಯುನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವವರಿಗೆ ಸೋಲಾರ್ ಮಾರಲು ಹೋಗಬೇಡಿ, ಅದು ಮೋಸ. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯುನಿಟ್ ಕೊಡುತ್ತದೆ, ಮೂರು ಕಿಲೋವಾಟ್ ತಿಂಗಳಿಗೆ 360. ಇಷ್ಟು ಯುನಿಟ್ ಸುಡುವ ಮನೆ, ಎಸಿ ಇರುವ ಮನೆ, ಎಲೆಕ್ಟ್ರಿಕ್ ಸ್ಕೂಟರ್, ಕಾರು ಚಾರ್ಜ್ ಮಾಡುವ ಮನೆ, ಅಲ್ಲಿಗೆ ಹೋಗಿ. ಮತ್ತೆ ಎಲ್ಲರಿಗೂ ಮೊದಲೇ ಹೇಳಿ: ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ಬಂದ್ ಆಗುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲು ಇನ್ವರ್ಟರ್ ಬೇಕೆಂದೇ ಹಾಗೆ ಮಾಡುತ್ತದೆ. ಇದನ್ನು ಮುಚ್ಚಿಟ್ಟು ಮಾರಿದವರ ಬೈಗುಳ ಆಮೇಲೆ ಸರ್ವಿಸ್‌ಗೆ ಹೋದ ಹುಡುಗನ ಪಾಲಿಗೆ.

ದುಡ್ಡು ಹರಿಯುವುದು ಕಾರ್ಖಾನೆ, ಗೋಡೌನ್, ಶಾಲೆ, ಆಸ್ಪತ್ರೆಗಳ ಶೀಟಿನ ಮೇಲೆ. ಗೋಕುಲ ರಸ್ತೆ, ತಾರಿಹಾಳ ಕಡೆ ಒಮ್ಮೆ ಸುತ್ತಿದರೆ ಕಾಣುತ್ತದೆ. ರೈತರ ಪಂಪ್‌ಸೆಟ್ ಮತ್ತೊಂದು ದೊಡ್ಡ ಕ್ಷೇತ್ರ. ಕುಸುಮ್-ಬಿ ಯೋಜನೆಯಲ್ಲಿ ನಮ್ಮ ರಾಜ್ಯದ ರೈತರಿಗೆ ಕೇಂದ್ರ ಶೇ. 30, ರಾಜ್ಯ ಶೇ. 50 ಸಹಾಯಧನ ಕೊಡುತ್ತವೆ, ರೈತರ ಪಾಲು ಶೇ. 20. ಐದು ಎಚ್‌ಪಿ ಪಂಪಿಗೆ 4800 ವಾಟ್ ಪ್ಯಾನೆಲ್ ಬೇಕು. ಇಲ್ಲಿ ಸೋಲಾರ್‌ಗಿಂತ ಪಂಪು ಗೊತ್ತಿರಬೇಕು: ಬೋರು ಎಷ್ಟು ಅಡಿ, ನೀರು ಎಲ್ಲಿ ನಿಂತಿದೆ, ಎಷ್ಟು ಹೆಡ್ (ನೀರು ಏರಬೇಕಾದ ಎತ್ತರ). ರೀವೈಂಡಿಂಗ್ ಕಲಿತ ಹುಡುಗರು ಮಿಂಚುವುದು ಇಲ್ಲೇ.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನ ಹೆಸರು ಕೇಳಿ ಕನಸು ಕಟ್ಟುವವರಿದ್ದಾರೆ. ತಿರುಮಣಿ ಸುತ್ತಲಿನ ಊರುಗಳಲ್ಲಿ ಸುಮಾರು 13 ಸಾವಿರ ಎಕರೆ, 2050 ಮೆಗಾವಾಟ್, ಭೂಮಿ ರೈತರದ್ದೇ, ಲೀಸಿಗೆ. ಹೋಗಿ ನೋಡಲೇಬೇಕಾದ ಜಾಗ. ಆದರೆ ಇಂಥ ಪಾರ್ಕ್ ಕಟ್ಟುವಾಗ ಸಾವಿರಾರು ಕೈ ಬೇಕು, ಕಟ್ಟಿ ಮುಗಿದ ಮೇಲೆ ಹುಲ್ಲು ಕೊಯ್ಯಲು, ಪ್ಯಾನೆಲ್ ತೊಳೆಯಲು, ಕಾವಲಿಗೆ ಒಂದಿಷ್ಟು ಜನ, ತಾಂತ್ರಿಕ ಕೆಲಸಕ್ಕೆ ಇನ್ನೂ ಕಡಿಮೆ ಜನ. ಆ ಕಡಿಮೆ ಜನರಲ್ಲಿ ಒಬ್ಬರಾಗಲು ಐಟಿಐ ಅಥವಾ ಡಿಪ್ಲೊಮಾ, ಎಚ್‌ಟಿ (ಹೈಟೆನ್ಷನ್) ಯಾರ್ಡಿನ ಸುರಕ್ಷತೆ, ಕಂಪ್ಯೂಟರ್ ಪರದೆಯ ಮೇಲೆ ಯಾವ ಸಾಲು ಕಡಿಮೆ ಕೊಡುತ್ತಿದೆ ಎಂದು ಹುಡುಕುವ ಕಣ್ಣು ಬೇಕು.

ನನ್ನ ಲೆಕ್ಕದಲ್ಲಿ ಮುಂದಿನ ಹತ್ತು ವರ್ಷದ ಸ್ಥಿರ ಕೆಲಸ ನಿರ್ವಹಣೆಯದ್ದು. ಹಾಕಿಹೋದವರು ಫೋನ್ ಎತ್ತದ ಮಾಳಿಗೆಗಳು ಈಗಲೇ ಬೇಕಾದಷ್ಟಿವೆ. ಮಂಗ ಎಳೆದ ಕೇಬಲ್, ಇಲಿ ಕಡಿದ ಕೇಬಲ್, ಬೋರಿನ ಗಡಸು ನೀರಲ್ಲಿ ತೊಳೆದು ಬಿಳಿ ಪದರ ಕಟ್ಟಿದ ಗಾಜು, ಹತ್ತಿ ಜಿನ್ನಿಂಗ್ ಮಿಲ್ ಪಕ್ಕದ ಧೂಳು. ತೊಳೆಯುವುದಾದರೆ ಬೆಳಗಿನ ತಂಪಿನಲ್ಲಿ, ಮೆತ್ತನೆಯ ಮಾಪಿನಲ್ಲಿ. ಕಾದ ಗಾಜಿಗೆ ತಣ್ಣೀರು ಬೇಡ, ಪ್ಯಾನೆಲ್ ಮೇಲೆ ಕಾಲು ಬೇಡವೇ ಬೇಡ. ಹೊರಗೆ ಏನೂ ಕಾಣುವುದಿಲ್ಲ, ಒಳಗಿನ ಸೆಲ್ ಬಿರುಕು ಬಿಟ್ಟಿರುತ್ತದೆ.

ಯುನಿಟ್ ಉಳಿಸುವ ವಿದ್ಯೆ

ಸೋಲಾರ್ ಹುಡುಗರು ಇದನ್ನು ಕಲಿಯುವುದಿಲ್ಲ, ಅದೇ ನನಗೆ ಬೇಸರ. ಕರೆಂಟು ತಯಾರಿಸುವುದಕ್ಕಿಂತ ಉಳಿಸುವುದು ಅಗ್ಗ, ಮಾಳಿಗೆ ಹತ್ತುವ ಕೆಲಸವೂ ಇಲ್ಲ.

ಮನೆಯಿಂದ ಶುರು ಮಾಡಿ. ಹಳೆಯ ಫ್ಯಾನು 75 ವಾಟ್, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರ್‌ನ ಬಿಎಲ್‌ಡಿಸಿ ಫ್ಯಾನು 28. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 17 ಯುನಿಟ್ ಉಳಿತಾಯ, ನಾಲ್ಕು ಫ್ಯಾನಿಗೆ 68. ಗೃಹಜ್ಯೋತಿ ಪಡೆಯುವ ಮನೆ ಬೇಸಿಗೆಯಲ್ಲಿ 230 ಯುನಿಟ್ ಮುಟ್ಟಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ನಾಲ್ಕು ಫ್ಯಾನು ಬದಲಿಸಿದರೆ 162, ಮತ್ತೆ 200ರ ಮಿತಿಯೊಳಗೆ. ಇಷ್ಟು ಲೆಕ್ಕ ಬಿಲ್ಲಿನ ಹಿಂದೆ ಬರೆದು ತೋರಿಸಿದರೆ ಸಾಕು, ಗಿರಾಕಿ ತಾನೇ ಅಂಗಡಿಗೆ ಹೋಗುತ್ತಾರೆ. ಹಾಕುವಾಗ ಹಳೆಯ ರೆಗ್ಯುಲೇಟರ್ ಬೈಪಾಸ್ ಮಾಡಲು ಮರೆಯಬೇಡಿ, ಅದರ ಜೊತೆ ಈ ಫ್ಯಾನು ಸರಿಯಾಗಿ ನಡೆಯುವುದಿಲ್ಲ. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯುನಿಟ್. ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದೂ ಅದರ ಪೈಪು ಮುಚ್ಚಿಹೋಗಿ ಗೀಸರ್ ಹಾಕುವ ಮನೆಗಳು ಬಹಳ, ಹೋಗಿ ಆ ಪೈಪು ನೋಡಿ. ಫ್ರಿಜ್ಜಿನ ಸ್ಟಾರ್ ಚೀಟಿ ನೋಡುವಾಗ ಎಷ್ಟು ನಕ್ಷತ್ರ ಎನ್ನುವುದರ ಜೊತೆಗೆ ಯಾವ ವರ್ಷದ ಚೀಟಿ ಎಂದೂ ನೋಡಿ. ಮಾನದಂಡ ಬಿಗಿಯಾಗುತ್ತಾ ಬಂದಿದೆ, ಹಳೆಯ ಐದು ನಕ್ಷತ್ರ ಇವತ್ತಿನ ಐದಕ್ಕೆ ಸಮನಲ್ಲ.

ಕಾರ್ಖಾನೆಗೆ ಹೋದಾಗ ಮೊದಲು ಹನ್ನೆರಡು ತಿಂಗಳ ಬಿಲ್ ಕೇಳಿ ಪವರ್ ಫ್ಯಾಕ್ಟರ್ (ಎಳೆದ ಪವರ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಕಾಲಂ ನೋಡಿ. ಸೋಲಾರ್ ಹಾಕಿಸಿದ ಮೇಲೆ ದಂಡ ಬರತೊಡಗಿತು ಎಂದು ಮಾಲೀಕರು ದೂರುವುದುಂಟು, ಅದು ಸುಳ್ಳಲ್ಲ. ಒಂದು ಶೆಡ್ಡಿಗೆ 100 ಕಿಲೋವಾಟ್ ಮತ್ತು 50 ಕೆವಿಎಆರ್ ರಿಯಾಕ್ಟಿವ್ (ಮೋಟರ್ ತನ್ನ ಕಾಂತಕ್ಕೆಂದು ಎಳೆದು ವಾಪಸ್ ಕೊಡುವ ಪವರ್) ಬೇಕು ಅನ್ನಿ, ಪವರ್ ಫ್ಯಾಕ್ಟರ್ 0.89. ಸೋಲಾರ್ ಅದರಲ್ಲಿ 60 ಕಿಲೋವಾಟ್ ಕೊಟ್ಟಿತು. ಈಗ ಲೈನಿನಿಂದ ಬರುವುದು 40 ಕಿಲೋವಾಟ್, ಆದರೆ ರಿಯಾಕ್ಟಿವ್ ಅದೇ 50. ಮೀಟರ್‌ಗೆ ಕಾಣುವುದು 0.62. ಮೋಟರ್ ಒಂದೂ ಬದಲಾಗಿಲ್ಲ, ದಂಡ ಬಂತು. ಆ ರಿಯಾಕ್ಟಿವ್ ಅನ್ನು ಶೆಡ್ಡಿನಲ್ಲೇ ಒದಗಿಸುವ ಕೆಪ್ಯಾಸಿಟರ್ ಪ್ಯಾನೆಲ್ ಎಷ್ಟು ಬೇಕೆಂದು ಮತ್ತೆ ಲೆಕ್ಕ ಹಾಕಬೇಕು, ಇಲ್ಲವೇ ಇನ್ವರ್ಟರ್ ಸೆಟ್ಟಿಂಗ್ ಬದಲಿಸಬೇಕು. ಸೋಲಾರ್ ಕೊಟೇಶನ್ ಕೊಡುವಾಗಲೇ ಇದನ್ನು ಹೇಳಿದವರನ್ನು ಮಾಲೀಕರು ಮರೆಯುವುದಿಲ್ಲ. ಹಾಗೆಯೇ ಕರೆಂಟು ಹೆಚ್ಚು ತಿನ್ನುವುದು ಮೂರು ನಾಲ್ಕು ಸಲ ರೀವೈಂಡ್ ಆದ ಮೋಟರ್‌ಗಳು. ರಬಕವಿ-ಬನಹಟ್ಟಿ ಕಡೆಯ ಪವರ್‌ಲೂಮ್ ಶೆಡ್ಡುಗಳಲ್ಲಿ ವರ್ಷವಿಡೀ ತಿರುಗುವುದು ಅವೇ. ಕಂಪ್ರೆಸರ್ ಇದ್ದರೆ ಯಂತ್ರಗಳೆಲ್ಲ ನಿಂತ ರಜೆಯ ದಿನ ಹೋಗಿ ಕಿವಿಗೊಡಿ, ಗಾಳಿ ಸೋರುವ ಸದ್ದು ಅವತ್ತೇ ಕೇಳುವುದು.

ಇದನ್ನೇ ವೃತ್ತಿಯಾಗಿ ಹಿಡಿಯಬೇಕೆಂದರೆ ಇಂಧನ ದಕ್ಷತಾ ಬ್ಯೂರೋದ ರಾಷ್ಟ್ರೀಯ ಪರೀಕ್ಷೆ ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ 2002ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಎನರ್ಜಿ ಮ್ಯಾನೇಜರ್ ಆಗಲು ಮೂರು ಪೇಪರ್, ಆಡಿಟರ್ ಆಗಲು ನಾಲ್ಕು. ಆಡಿಟರ್‌ಗೆ ಎಂಜಿನಿಯರಿಂಗ್ ಪದವಿ ಮತ್ತು ಮೂರು ವರ್ಷದ ಅನುಭವ ಬೇಕು, ಡಿಪ್ಲೊಮಾದವರು ಆರು ವರ್ಷದ ಅನುಭವದ ಮೇಲೆ ಮ್ಯಾನೇಜರ್ ಪರೀಕ್ಷೆ ಬರೆಯಬಹುದು. ಐಟಿಐ ಹುಡುಗರಿಗೆ ನೇರ ದಾರಿಯಿಲ್ಲ, ಆದರೆ ಐಟಿಐ ಮೇಲೆ ಡಿಪ್ಲೊಮಾಕ್ಕೆ ಎರಡನೇ ವರ್ಷಕ್ಕೇ ಸೇರಲು ಅವಕಾಶವಿದೆ. ಬುದ್ಧಿ ಚುರುಕಿರುವವರು ಅದನ್ನು ಬಿಡಬಾರದು.

ಸಾಮಾನು, ಪಗಾರ, ಯಾವಾಗ ಬರಬೇಕು

ಸಾಮಾನು ಒಂದೇ ಸಲ ಕೊಳ್ಳಬೇಡಿ. ಮೊದಲು ಟೆಸ್ಟರ್, ಪ್ಲೇಯರ್, ಟೇಪು, ರಸಮಟ್ಟ, ಸುಣ್ಣದ ನೂಲು. ಆಮೇಲೆ 1000 ವೋಲ್ಟ್ ಡಿಸಿ ತಡೆಯುವ ಒಳ್ಳೆಯ ಮಲ್ಟಿಮೀಟರ್. ಸಂತೆಯಲ್ಲಿ ಸಿಗುವ ಹಳದಿ ಮೀಟರನ್ನು ಸ್ಟ್ರಿಂಗಿಗೆ, ಅಂದರೆ ಸಾಲಾಗಿ ಕೂಡಿಸಿದ ಪ್ಯಾನೆಲ್‌ಗಳಿಗೆ, ಹಚ್ಚಬೇಡಿ. ಕ್ಲಾಂಪ್ ಮೀಟರ್ ಕೊಳ್ಳುವಾಗ ಡಿಸಿ ಕರೆಂಟು ಓದುತ್ತದೆಯೇ ಎಂದು ಕೇಳಿ, ಅಗ್ಗದವು ಎಸಿ ಮಾತ್ರ ಓದುತ್ತವೆ. ಕ್ರಿಂಪಿಂಗ್ ಟೂಲ್ ಸ್ವಂತದ್ದಿರಲಿ. ಮೆಗ್ಗರ್, ಅರ್ಥ್ ಟೆಸ್ಟರ್ ಕಂಪನಿಯದ್ದು ಸಾಕು.

ಪಗಾರದ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆ ಹೊಸ ಹುಡುಗನಿಗೆ ಮನೆ ಕಟ್ಟುವ ಗೌಂಡಿಯ ದಿನಗೂಲಿಗಿಂತ ಮೊದಲ ವರ್ಷ ಕಡಿಮೆಯೇ ಸಿಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಪರ್ಮಿಟ್ ಬಂದು, ಒಬ್ಬನೇ ಇನ್ವರ್ಟರ್ ಚಾಲೂ ಮಾಡಿ, ಗಿರಾಕಿಗೆ ಮೊಬೈಲ್ ಆ್ಯಪ್ ತೋರಿಸಿ ಬರುವಷ್ಟಾದಾಗ ಚಿತ್ರ ಬದಲಾಗುತ್ತದೆ. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ: ಪ್ರತಿ ಕೆಲಸದ ಸ್ಟ್ರಿಂಗ್ ವೋಲ್ಟೇಜ್, ಅರ್ಥ್ ರೀಡಿಂಗ್, ಮೆಗ್ಗರ್ ರೀಡಿಂಗ್, ಫೋಟೊ. ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಆ ನೋಟ್‌ಬುಕ್ ಹೆಚ್ಚು ಹೊತ್ತು ನೋಡುತ್ತೇನೆ.

ಕೆಲಸ ಕೇಳುವುದಕ್ಕೂ ಹಂಗಾಮು ಇದೆ. ಜೂನ್‌ನಿಂದ ಆಗಸ್ಟ್ ಮಳೆ, ಮಾಳಿಗೆ ಕೆಲಸ ಕುಂಟುತ್ತದೆ, ಆಗ ಯಾರೂ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆ ಮಾಲೀಕರಿಗೆ ಸೋಲಾರ್ ಮೇಲೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 40 ಸವಕಳಿ (ಸಾಮಾನು ಸವೆದ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತ) ತೋರಿಸಲು ಅವಕಾಶವಿದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ನಡೆದಿದ್ದರೆ ಅರ್ಧ ಮಾತ್ರ. ಹಾಗಾಗಿ ಪೂರ್ತಿ ಬೇಕೆನ್ನುವವರು ಸೆಪ್ಟೆಂಬರ್ ಕೊನೆಯೊಳಗೆ, ಅರ್ಧವಾದರೂ ಸಿಗಲಿ ಎನ್ನುವವರು ಮಾರ್ಚ್ 31ರೊಳಗೆ ಚಾಲೂ ಮಾಡಿಕೊಡಿ ಎಂದು ತಲೆಯ ಮೇಲೆ ಕೂರುತ್ತಾರೆ. ದಸರೆ ಮುಗಿದ ಮೇಲೆ ಸೇರಿದರೆ ಮಾರ್ಚ್‌ವರೆಗೆ ಕೈತುಂಬ ಕೆಲಸ, ಕಲಿಯಲು ಬೇಕಾದಷ್ಟು ಮಾಳಿಗೆ. ಬರುವಾಗ ಆಧಾರ್ ಮತ್ತು ಅಂಕಪಟ್ಟಿಯ ನಕಲು ತನ್ನಿ. ಹೆಲ್ಮೆಟ್, ಹಾರ್ನೆಸ್ ನಾವು ಕೊಡುತ್ತೇವೆ, ಬೂಟು ಮಾತ್ರ ನಿಮ್ಮ ಅಳತೆಯದ್ದು ನೀವೇ ತಂದುಕೊಳ್ಳಿ. ಚಪ್ಪಲಿ ಹಾಕಿಕೊಂಡು ಬಂದವರನ್ನು ಮೆಟ್ಟಿಲಿನಿಂದಲೇ ವಾಪಸ್ ಕಳಿಸುತ್ತೇನೆ.